ಹೆದರಬೇಡಿ ಎಂದು ಸಾರಿದವನು

"ಗುರುಗಳೇ, ಇದ್ದದ್ದನ್ನು ಇದ್ದ ಹಾಗೇ ಹೇಳಿದರೂ ಜನ ಯಾಕೆ ನಂಬುವುದಿಲ್ಲ?"

ಕೇಳಿದವನು ನಿಜಗುಣಪ್ಪ. ಸರ್ಕಾರದಲ್ಲಿ ದವಸಧಾನ್ಯದ ದರ ನೋಡಿಕೊಳ್ಳುವ ಅಧಿಕಾರಿ. ಚಿಕ್ಕಂದಿನಲ್ಲಿ ಮಠದಲ್ಲಿ ಉಂಡು ಓದಿದವನಾದ್ದರಿಂದ ಮನಸ್ಸು ಕೆಟ್ಟಾಗ ಈಗಲೂ ಬಂದು ಗುರುಗಳ ಮುಂದೆ ಚಾಪೆಯ ಮೇಲೆ ಕೂರುತ್ತಾನೆ. ಆ ವರ್ಷ ತೊಗರಿ ಬೇಳೆಯ ದರ ಏರುತ್ತಲೇ ಇತ್ತು. ಆರು ವಾರಗಳಲ್ಲಿ ಅವನು ನಾಲ್ಕು ಪ್ರಕಟಣೆ ಹೊರಡಿಸಿದ್ದ. ಬೇಳೆಗೆ ಕೊರತೆಯಿಲ್ಲ, ಗೋದಾಮುಗಳಲ್ಲಿ ಸಾಕಷ್ಟು ದಾಸ್ತಾನಿದೆ, ಯಾರೂ ಆತಂಕಪಡಬಾರದು ಎಂದು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೂ ಪ್ರತಿ ಪ್ರಕಟಣೆಯ ಮಾರನೆಯ ದಿನ ದರ ಇನ್ನಷ್ಟು ಏರುತ್ತಿತ್ತು. ಐದನೆಯದನ್ನು ಬರೆಯಲು ಕೂತವನಿಗೆ ಪೆನ್ನು ಓಡಲಿಲ್ಲ. ಬಸ್ಸು ಹತ್ತಿ ಮಠಕ್ಕೆ ಬಂದುಬಿಟ್ಟ.

"ಯಾವ ಪದ ಬಳಸಿದರೆ ನಂಬುತ್ತಾರೆ, ಅದನ್ನಾದರೂ ಹೇಳಿ" ಎಂದ.

ಗುರುಗಳು ಪದ ಹೇಳಲಿಲ್ಲ. ಕತೆ ಹೇಳಿದರು.

ಒಂದು ಊರಿತ್ತು. ಕೋಟೆ ಇದ್ದ ಊರು. ಊರಿಗೊಬ್ಬ ದೊರೆ, ದೊರೆಗೊಬ್ಬ ಕಾರಭಾರಿ, ಕಾರಭಾರಿ ಹೇಳಿದ್ದನ್ನು ಬೀದಿಬೀದಿಯಲ್ಲಿ ಸಾರುವುದಕ್ಕೆ ಒಬ್ಬ ಡಂಗುರದವನು. ಕತೆ ದೊರೆಯದಲ್ಲ, ಡಂಗುರದವನದು. ಅವನನ್ನು ಭರಮಪ್ಪ ಎನ್ನೋಣ.

ಭರಮಪ್ಪನ ತಂದೆಯೂ ಡಂಗುರ ಸಾರಿದವನೇ, ಅಜ್ಜನೂ ಅಷ್ಟೇ. ಆ ಮನೆತನಕ್ಕೆ ಒಂದು ಹೆಮ್ಮೆಯಿತ್ತು. ಅವರು ಸಾರಿದ್ದು ಯಾವತ್ತೂ ಸುಳ್ಳಾಗಿರಲಿಲ್ಲ. ನಾಳೆ ಕಾಲುವೆಗೆ ನೀರು ಬಿಡುತ್ತಾರೆ ಎಂದರೆ ಬಿಡುತ್ತಿದ್ದರು. ಹುಚ್ಚುನಾಯಿ ಬಂದಿದೆ ಎಂದರೆ ಬಂದಿರುತ್ತಿತ್ತು. ಊರಿನವರು ಭರಮಪ್ಪನ ದನಿ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಅವನಿಗೆ ಅದು ಸಂಬಳಕ್ಕಿಂತ ಹೆಚ್ಚಿನ ಸುಖ ಕೊಡುತ್ತಿತ್ತು.

ಆ ಸೀಮೆಯ ಅನ್ನವೆಂದರೆ ಜೋಳ. ಜೋಳವನ್ನು ಅವರು ಇಡುತ್ತಿದ್ದುದು ನೆಲದೊಳಗೆ, ಹಗೇವಿನಲ್ಲಿ. ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ಸುರಿದು, ಬಾಯಿಗೆ ಕಲ್ಲು ಹೊದಿಸಿ ಮಣ್ಣು ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನಲ್ಲಿ ಜೋಳ ಎಷ್ಟೋ ವರ್ಷ ಕೆಡದೆ ಇರುತ್ತದೆ. ಆದರೆ ಬಾಯಿ ತೆರೆದರೆ ಮುಗಿಯಿತು. ಗಾಳಿ ಹೊಕ್ಕ ಹಗೇವನ್ನು ಅರ್ಧ ತೆಗೆದು ಅರ್ಧ ಮುಚ್ಚುವುದಕ್ಕೆ ಆಗುವುದಿಲ್ಲ. ಹುಳ ಬೀಳುತ್ತದೆ. ತೆರೆದವನು ತಳದ ಕಾಳಿನವರೆಗೂ ಮೇಲೆತ್ತಲೇಬೇಕು. ಆ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ಮಾತು. ದೊರೆಯ ಅರಮನೆಯಾದ ವಾಡೆಯ ಮುಂದಿನ ಬಯಲಿನಲ್ಲಿ ಅಂಥ ಆರು ಹಗೇವುಗಳಿದ್ದವು, ಒಂದೊಂದಕ್ಕೆ ಇನ್ನೂರು ಚೀಲ.

ಆ ವರ್ಷ ಹಿಂಗಾರಿ ಮಳೆ ಹದಿನೈದು ದಿನ ತಡವಾಯಿತು. ಬರಲಿಲ್ಲ ಎಂದಲ್ಲ, ಬಂತು. ಬಿತ್ತನೆಯೂ ಆಯಿತು, ಪೈರೂ ಎದ್ದಿತು. ಆದರೆ ಆ ಹದಿನೈದು ದಿನಗಳಲ್ಲಿ ಪೇಟೆಯ ಒಬ್ಬ ವ್ಯಾಪಾರಿ ಒಂದು ತಾಮ್ರದ ದುಡ್ಡಿಗೆ ಮೂರು ಸೇರು ಜೋಳ ಕೊಡುತ್ತಿದ್ದವನು ಎರಡೂವರೆ ಕೊಟ್ಟು ನೋಡಿದ. ಯಾರೂ ಜಗಳ ಮಾಡಲಿಲ್ಲ. ಮುಂದಿನ ಸಂತೆಗೆ ಎರಡು ಕೊಟ್ಟ.

ದೊರೆ ಒಳ್ಳೆಯವನು. ಜೋಳ ತುಟ್ಟಿಯಾಯಿತು ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಕಾರಭಾರಿಯನ್ನು ಕರೆದ. "ಜನ ಹೆದರಬಾರದು. ಧೈರ್ಯ ಹೇಳಿಸು" ಎಂದ. ಕಾರಭಾರಿ ಭರಮಪ್ಪನಿಗೆ ಹೇಳಿದ. ಭರಮಪ್ಪ ಡಂಗುರ ಕೊರಳಿಗೆ ಹಾಕಿಕೊಂಡು ಹೊರಟ.

"ಕೇಳ್ರಪ್ಪೋ ಕೇಳ್ರಿ! ಜ್ವಾಳಕ್ಕ ಏನೂ ಕೊರತಿ ಇಲ್ಲ! ವಾಡೇದ ಆರೂ ಹಗೇವು ತುಂಬ್ಯಾವ! ಯಾರೂ ಹೆದರಬ್ಯಾಡ್ರೀ!"

ಮೇಲಿನ ಓಣಿಯಲ್ಲಿ ಒಬ್ಬ ಹೆಂಗಸು ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಅವಳು ಕೈ ನಿಲ್ಲಿಸಿದಳು.

"ಹೆದರೂದಾ? ಯಾಕ ಹೆದರೂದು? ಏನಾಗೈತಿ?"

"ಏನೂ ಆಗಿಲ್ಲವ್ವ. ಅದಕ್ಕ ಹೆದರಬ್ಯಾಡ್ರಿ ಅಂತ ಹೇಳಾಕತ್ತೀನಿ."

"ಏನೂ ಆಗದಿದ್ರ ದೊರಿ ನಿನ್ನ ಯಾಕ ಕಳಿಸ್ತಿದ್ದ?"

 ಅವಳು ಉತ್ತರಕ್ಕೆ ಕಾಯಲಿಲ್ಲ. ಮೆಣಸಿನಕಾಯಿ ಹಾಗೇ ಬಿಟ್ಟು, ಒಳಗಿನಿಂದ ಚೀಲ ತಂದು, ಪೇಟೆಯ ಕಡೆ ನಡೆದೇಬಿಟ್ಟಳು. ಅವಳು ಹೋದದ್ದನ್ನು ಎದುರು ಮನೆಯವಳು ನೋಡಿದಳು. ಎದುರು ಮನೆಯವಳು ಹೋದದ್ದನ್ನು ಓಣಿಯೆಲ್ಲ ನೋಡಿತು. ಆ ದಿನ ಬೆಳಗ್ಗೆ ಜೋಳದ ಚಿಂತೆಯೇ ಇಲ್ಲದೆ ಎದ್ದ ಊರು ಸಂಜೆಯ ಹೊತ್ತಿಗೆ ಜೋಳವಲ್ಲದೆ ಬೇರೆ ಮಾತಾಡುತ್ತಿರಲಿಲ್ಲ.

ಭರಮಪ್ಪ ಮನೆಗೆ ಹೋಗುವಾಗ ಪೇಟೆಯ ಮುಂದೆ ಹಾದುಹೋದ. ಅಂಗಡಿಗಳ ಮುಂದೆ ಜನ ಒಬ್ಬರನ್ನೊಬ್ಬರು ನೂಕುತ್ತಿದ್ದರು.  ಮನೆಯಲ್ಲಿ ಅವನ ಒಬ್ಬಳೇ ಮಗಳು ಫಕೀರವ್ವ ಬಾಣಂತನಕ್ಕೆ ಬಂದಿದ್ದಳು. ಏಳು ತಿಂಗಳು. ಚೊಚ್ಚಲ ಹೆರಿಗೆ. ಅವಳಿಗೆ ಎರಡು ಹೊತ್ತು ಬಿಸಿ ರೊಟ್ಟಿ ಕಡಿಮೆಯಾಗಬಾರದು ಎಂಬುದೊಂದೇ ಅವನ ತಲೆಯಲ್ಲಿ ತಿರುಗತೊಡಗಿತು. ಬಾಗಿಲಲ್ಲೇ ಹೆಂಡತಿಗೆ ಹೇಳಿದ.

"ಸತ್ಯವ್ವಾ, ಇದ್ದಬದ್ದದ್ದು ತಗೊಂಡು ಹೋಗಿ ಒಂದು ಚೀಲ ಜ್ವಾಳ ತಂದುಬಿಡು. ಈಗಿಂದೀಗ."

ಸತ್ಯವ್ವ ಅವನ ಮುಖ ನೋಡಿದಳು. "ಬೆಳಿಗ್ಗಿಂದ ಹೆದರಬ್ಯಾಡ್ರಿ ಅಂತ ಬಾಯಿ ಬಡಕೊಂಡವ ನೀನs ಅಲ್ಲೇನು?"

"ಅದು ಊರಿಗೆ ಸಾರಿದ್ದು" ಎಂದ ಭರಮಪ್ಪ, "ಮನಿಗಲ್ಲ."

ಸತ್ಯವ್ವ ತಂದಳು. ಇಬ್ಬರೂ ಸೇರಿ ಚೀಲವನ್ನು ಹಿತ್ತಿಲ ಕೊಟ್ಟಿಗೆಯಲ್ಲಿ ಕುಳ್ಳಿನ, ಎಂದರೆ ಬೆರಣಿಯ, ರಾಶಿಯ ಕೆಳಗೆ ಇಟ್ಟರು. ಅವನಿಗೆ ಸ್ವಲ್ಪ ಸಮಾಧಾನವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಸಮಾಧಾನ ದೊಡ್ಡದಿತ್ತು, ಆದ್ದರಿಂದ ನಾಚಿಕೆಯನ್ನು ನುಂಗಿಕೊಂಡ.

ಸಂತೆ ಕಳೆಯಿತು. ದುಡ್ಡಿಗೆ ಒಂದು ಸೇರು ಆಯಿತು. ದೊರೆಗೆ ಸಿಟ್ಟು ಬಂತು. ದುಡ್ಡಿಗೆ ಮೂರು ಸೇರಿಗಿಂತ ಕಡಿಮೆ ಯಾರೂ ಮಾರಬಾರದು ಎಂದು ಕಟ್ಟಪ್ಪಣೆ ಮಾಡಿದ. ಭರಮಪ್ಪ ಅದನ್ನೂ ಸಾರಿದ. ವ್ಯಾಪಾರಿಗಳು ಕೈಮುಗಿದು ಒಪ್ಪಿಕೊಂಡರು. ಒಂದು ಹೊತ್ತು ಮೂರು ಸೇರಿನಂತೆ ಮಾರಿದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳೆಲ್ಲ ಗುಡಿಸಿಟ್ಟ ಹಾಗಾದವು. ಕಾರಭಾರಿ ಹೋಗಿ ಕೇಳಿದರೆ ಒಬ್ಬ ವ್ಯಾಪಾರಿ ಬಹಳ ವಿನಯದಿಂದ, "ದರ ಮೂರು ಸೇರs ಐತ್ರಿ ಸಾಹೇಬ್ರ. ಜ್ವಾಳ ಇಲ್ಲ ಅಷ್ಟs" ಎಂದ. ತಪ್ಪು ಹುಡುಕಲು ಜಾಗವೇ ಇರಲಿಲ್ಲ. ಊರಿನಲ್ಲಿ ಜೋಳ ಅಗ್ಗವಾಗಿತ್ತು, ಸಿಗುತ್ತಿರಲಿಲ್ಲ.

ಕಾರಭಾರಿಯ ಕೋಪ ತಿರುಗಿದ್ದು ಭರಮಪ್ಪನ ಮೇಲೆ. "ನಿನ್ನ ದನಿಯಾಗ ಜೋರಿಲ್ಲ. ಅದಕ್ಕs ಜನಕ್ಕ ನಂಬಿಕಿ ಬರವಲ್ದು" ಎಂದು ಬೈದು ಹೊಸ ಡಂಗುರ ಮಾಡಿಸಿಕೊಟ್ಟ. ಅದು ಹಳೆಯದಕ್ಕಿಂತ ಎರಡರಷ್ಟು ದೊಡ್ಡದು. ಬಡಿದರೆ ತೊಟ್ಟಿಲ ಕೂಸುಗಳು ಬೆಚ್ಚಿ ಅಳುತ್ತಿದ್ದವು. ಜನರ ಧೈರ್ಯ ಹೆಚ್ಚಿದ ಸುದ್ದಿಯಂತೂ ಬರಲಿಲ್ಲ.

ಮೂರನೆಯ ಅಪ್ಪಣೆ ಬಂತು. ಜೋಳ ಬಚ್ಚಿಟ್ಟವರು ಯಾರೇ ಆಗಲಿ, ಅವರಿಗೆ ಚಾವಡಿಯ ಮುಂದೆ ಇಪ್ಪತ್ತು ಛಡಿ ಏಟು. ದಂಡಿನವರು ಕಬ್ಬಿಣದ ಸರಳು ಹಿಡಿದು ಮನೆಮನೆಯ ಅಂಗಳ ಚುಚ್ಚಿ ನೋಡುತ್ತಾರೆ.  ಇದನ್ನು ಸಾರುವಾಗ "ಯಾರೇ ಆಗಲಿ" ಎಂಬಲ್ಲಿ ಭರಮಪ್ಪನ ದನಿ ಒಡೆಯಿತು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ಸಾರಿದ್ದು ಅವನ ಮನೆಯ ಹಿತ್ತಿಲಿಗೇ ಬಂದು ನಿಂತಿತ್ತು.

ದಂಡಿನವರು ಬಂದರು, ಚುಚ್ಚಿದರು. ಪೇಟೆಯ ದೊಡ್ಡ ವ್ಯಾಪಾರಿಯ ಅಂಗಳದಲ್ಲಿ ಹಗೇವಿನ ಬಾಯಿ ಇದ್ದ ಜಾಗದ ಮೇಲೆ ಹೊಸದಾಗಿ ಒಂದು ತುಳಸಿ ಕಟ್ಟೆ ಎದ್ದಿತ್ತು. ಸುಣ್ಣ ಇನ್ನೂ ಹಸಿ ಇತ್ತು. ದಂಡಿನವರು ಸರಳು ಕೆಳಗಿಟ್ಟು, ಕೈಮುಗಿದು, ತೀರ್ಥ ತೆಗೆದುಕೊಂಡು ಹೋದರು. ನಾಲ್ಕು ದಿನದಲ್ಲಿ ಪೇಟೆಯ ತುಂಬ ತುಳಸಿ ಕಟ್ಟೆಗಳಾದವು. ಅಷ್ಟು ಭಕ್ತಿ ಆ ಊರಿನಲ್ಲಿ ಹಿಂದೆಂದೂ ಇರಲಿಲ್ಲ.

ಭರಮಪ್ಪನ ಮನೆಗೆ ಯಾರೂ ಬರಲಿಲ್ಲ. ಡಂಗುರದವನ ಮನೆಯನ್ನು ಯಾರು ಶೋಧಿಸುತ್ತಾರೆ? ಆದರೆ ಚೀಲ ಇಳಿಯುತ್ತಿತ್ತು. ಸತ್ಯವ್ವ ದಿನವೂ ಕುಳ್ಳು ಸರಿಸಿ, ಕೈ ಹಾಕಿ, ಎಷ್ಟಿದೆಯೆಂದು ಬೆರಳಿನಲ್ಲೇ ಅಳೆದು ಬರುತ್ತಿದ್ದಳು.  ಗಂಡ ಹೆಂಡತಿ ಅಂಬಲಿ ಕುಡಿದು ಮಗಳಿಗೆ ರೊಟ್ಟಿ ಬಡಿಯುತ್ತಿದ್ದರು. ಹೊಸ ಜೋಳ ಕೈಗೆ ಬರಲು ಇನ್ನೂ ಎರಡೂವರೆ ತಿಂಗಳಿತ್ತು. ಫಕೀರವ್ವನಿಗೆ ದಿನ ತುಂಬುವುದು ಅದಕ್ಕಿಂತ ಮೊದಲೇ. ಹಸಿ ಬಾಣಂತಿಯ ಹೊಟ್ಟೆಗೆ ಹಾಕಲು ಮನೆಯಲ್ಲಿ ಏನೂ ಇರುವುದಿಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು. ಒಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಕುಂಬಾರರ ಬಾಳವ್ವ ಖಾಲಿ ಮೊರ ಹಿಡಿದು ಬಂದಳು. "ಒಂದು ಸೇರು ಜ್ವಾಳ ಇದ್ರ ಕೊಡು ತಂಗಿ, ನಮ್ಮ ಮನ್ಯಾಗಿನ ಮುದುಕಪ್ಪ ಎರಡು ದಿನದಿಂದ ಉಂಡಿಲ್ಲ" ಎಂದಳು. ಸತ್ಯವ್ವ ನೆಲ ನೋಡುತ್ತ, "ನಮ್ಮಲ್ಲೂ ಇಲ್ಲವ್ವ" ಎಂದಳು. ಬಾಳವ್ವ ಖಾಲಿ ಮೊರವನ್ನು ಕಂಕುಳಿಗೆ ಸಿಕ್ಕಿಸಿ ತಿರುಗಿ ಹೋದಳು. ಒಳಗೆ ಕೂತಿದ್ದ ಭರಮಪ್ಪನಿಗೆ ಎಲ್ಲ ಕೇಳಿಸಿತು. ಅವನ ಮನೆಯಲ್ಲಿ ಯಾರೂ ಸುಳ್ಳಾಡಿದವರಲ್ಲ. ಕೈಯಲ್ಲಿದ್ದ ಅಂಬಲಿಯನ್ನು ಕೆಳಗಿಟ್ಟ. 

ಮಾರನೆಯ ಬೆಳಗ್ಗೆ ವಾಡೆಯಿಂದ ಕರೆ ಬಂತು. ದೊರೆ ಕೂತಿದ್ದ. ಪಕ್ಕದಲ್ಲಿ ಕಾರಭಾರಿ ನಿಂತಿದ್ದ. ನಾಲ್ಕನೆಯ ಡಂಗುರಕ್ಕೆ ಮಾತು ಜೋಡಿಸುವ ಕೆಲಸ ನಡೆದಿತ್ತು. ದೊರೆ ಸೋತ ಮುಖದಿಂದ ಭರಮಪ್ಪನನ್ನು ನೋಡಿದ.

"ಊರೆಲ್ಲ ತಿರುಗಿ ಸಾರಿದವ ನೀನು. ನಾ ಹೇಳಿಸಿದ್ದನ್ನ ನಂಬಿದವ್ರು ಯಾರರೆ ಅದಾರೇನು? ಒಬ್ಬನ್ನ ತೋರಿಸು."

ಭರಮಪ್ಪ ಯೋಚಿಸಿದ. ಮೇಲಿನ ಓಣಿ, ಕೆಳಗಿನ ಓಣಿ, ಪೇಟೆ, ಕುಂಬಾರಗೇರಿ ಎಲ್ಲವನ್ನೂ ಮನಸ್ಸಿನಲ್ಲಿ ಸುತ್ತಿ ಬಂದ. ಕೊನೆಗೆ ತನ್ನ ಮನೆಗೇ ಬಂದು ನಿಂತ. 

"ಯಪ್ಪಾ, ನಾನs ನಂಬಿಲ್ರಿ" ಎಂದ.

 ಭರಮಪ್ಪ ಎಲ್ಲ ಹೇಳಿದ. ಚೀಲ, ಕುಳ್ಳಿನ ರಾಶಿ, ಮಗಳು, ಬಾಳವ್ವನ ಖಾಲಿ ಮೊರ. ಹೇಳುತ್ತ ಹೋದ ಹಾಗೆ ಅವನ ಎದೆಯ ಭಾರ ಇಳಿಯಿತು. ಏಟು ಬೀಳುವುದಿದ್ದರೆ ಬಿದ್ದುಹೋಗಲಿ ಎನ್ನಿಸಿತು.

ಕಾರಭಾರಿ ಛಡಿಯವನಿಗೆ ಸನ್ನೆ ಮಾಡಿದ. ದೊರೆ ಕೈಯೆತ್ತಿ ತಡೆದ.

"ನೀ ಬಾಯಿಲೆ ಆರೂ ಹಗೇವು ತುಂಬ್ಯಾವ ಅಂತ ಸಾರಿದಿ. ಅದು ಖರೇ ಅಂತ ನಿನಗ ಗೊತ್ತಿತ್ತು. ಗೊತ್ತಿದ್ದೂ ಯಾಕ ಹೆದರಿದಿ?"

"ತುಂಬ್ಯಾವ ಅಂತ ಗೊತ್ತಿದ್ದದ್ದಕ್ಕs ಹೆದರಿದೆರಿ" ಎಂದ ಭರಮಪ್ಪ. "ದಿನಾ ಅದs ಬಯಲಾಗ ಹಾದು ಮನಿಗೆ ಹೋಗ್ತೀನಿ. ಹಗೇವಿನ ಮ್ಯಾಲೆ ಹುಲ್ಲು ಮೊಣಕಾಲುದ್ದ ಬೆಳದೈತಿ. ಊರಾಗ ಮಂದಿ ಖಾಲಿ ಮೊರ ಹಿಡದು ಅಡ್ಡಾಡಾಕತ್ತಾರ, ಆದ್ರೂ ದೊರಿ ಕಲ್ಲು ಎತ್ತವಲ್ಲ. ಅಂದ್ರ ಇದಕ್ಕಿಂತ ಕೆಟ್ಟ ದಿನ ಮುಂದ ಅದಾವ ಅಂತ ದೊರಿಗೆ ಗೊತ್ತೈತಿ ಅಂತ ಆತಲ್ರಿ. ಶಾಣ್ಯಾ ದೊರಿನs ಹಿಂಗ ಇಟಗೊಂಡು ಕುಂತಾನ ಅಂದ ಮ್ಯಾಲೆ ನಾ ಒಂದು ಚೀಲ ಇಡದಿದ್ರ ಹೆಂಗರಿ?"

ಕಾರಭಾರಿ ನಡುವೆ ಬಾಯಿ ಹಾಕಿದ. ಆ ಜೋಳ ಆಪತ್ಕಾಲಕ್ಕೆ ಇಟ್ಟದ್ದು, ಒಂದು ಹಗೇವು ತೆರೆದರೆ ಇನ್ನೂರು ಚೀಲವೂ ಹೊರಗೆ ಬರಬೇಕು, ಒಂದು ಮುಷ್ಟಿಯನ್ನೂ ಹಿಂದಕ್ಕೆ ಇಡಲಾಗುವುದಿಲ್ಲ ಎಂದ. ಅವನು ಹೇಳಿದ್ದೆಲ್ಲ ನಿಜವೇ.

ದೊರೆ ಕಿಟಕಿಯಿಂದ ಹಗೇವಿನ ಬಯಲಿನ ಕಡೆ ನೋಡಿದ. ಆಮೇಲೆ ಮೆಲ್ಲಗೆ, "ನಾನೂ ಹೆದರೀನಿ" ಎಂದ. ಅದನ್ನು ಬಾಯಿಬಿಟ್ಟು ಹೇಳಿದ್ದು ಅವನಿಗೇ ಹಗುರವೆನ್ನಿಸಿತು. "ಮುಂದಿನ ವರ್ಷ ಹೆಂಗೋ ಏನೋ ಅಂತ ಈ ವರ್ಷದ ಹೊಟ್ಟಿ ಮರತೆ. ಬಚ್ಚಿಟ್ಟವ್ರಿಗೆ ಛಡಿ ಅಂದ್ರ ಸರದಿ ನನ್ನಿಂದ ಶುರು ಆಗಬೇಕು ನೋಡು ಕಾರಭಾರಿ. ಇವಂದು ಒಂದು ಚೀಲ, ನಂದು ಆರು ಹಗೇವು. ಎತ್ತು, ನನ್ನ ಬೆನ್ನ ಮ್ಯಾಲೆ ಎತ್ತು ನೋಡೋಣ."

ಛಡಿಯವನು ಛಡಿಯನ್ನು ಗೋಡೆಗೆ ಒರಗಿಸಿ ಎರಡು ಹೆಜ್ಜೆ ಹಿಂದೆ ಸರಿದ. ದೊರೆ ನಕ್ಕ. ಆ ತಿಂಗಳಲ್ಲಿ ವಾಡೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಾಳೆ ಬೆಳಗ್ಗೆ ಒಂದು ಹಗೇವು ತೆರೆಯಬೇಕೆಂದು ಅಪ್ಪಣೆಯಾಯಿತು.

"ಹಂಗಾದ್ರ ಇವತ್ತs ಡಂಗುರ ಹೊಡಸೋಣ" ಎಂದ ಕಾರಭಾರಿ. ಅವನಿಗೆ ಅಭ್ಯಾಸ ಬಲ.

ಭರಮಪ್ಪ ಅವನ ಕಾಲು ಹಿಡಿಯುವುದೊಂದು ಬಾಕಿ. "ಬ್ಯಾಡ್ರೀ ಸಾಹೇಬ್ರ! ನಾ ಸಾರಿದ್ರ ಇದನ್ನೂ ಯಾರೂ ನಂಬಂಗಿಲ್ಲ. ಒಂದಿನ ನನ್ನ ಬಾಯಿಗೆ ಸೂಟಿ ಕೊಡ್ರಿ."

ಬಿಸಿಲೇರುವ ಮುಂಚೆ ಆಳುಗಳು ಬಯಲಿಗೆ ಬಂದರು. ಹುಲ್ಲು ಕೊಯ್ದರು, ಮಣ್ಣು ಕೆದರಿದರು, ಕಲ್ಲು ಹೊರಳಿಸಿದರು. ವರ್ಷಗಟ್ಟಲೆ ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಇರುತ್ತದೆ, ಇಳಿದವನು ಎದ್ದು ಬರುವುದಿಲ್ಲ. ಅದಕ್ಕೆ ಹಗ್ಗ ಕಟ್ಟಿ ದೀಪ ಇಳಿಸಿ ನೋಡಿದರು. ಆರಿಹೋಯಿತು. ಕಾದರು. ಮತ್ತೆ ಇಳಿಸಿದರು, ಮತ್ತೆ ಆರಿತು. ಮೂರನೆಯ ಸಲ ದೀಪ ಕಾಳು ಮುಟ್ಟುವವರೆಗೂ ಉರಿಯುತ್ತ ಹೋಯಿತು. ಆ ಹೊತ್ತಿಗೆ ಒಳಗಿನ ಗಾಳಿ ಹೊರಗೆ ಬಂದು, ಕೋಟೆಯ ಬಾಗಿಲು ದಾಟಿ, ಊರಿನೊಳಗೆ ಹೊಕ್ಕಿತ್ತು.

ಹಗೇವಿನ ಜೋಳದ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಳಿ ತಿಳಿಸುವುದು ಕಷ್ಟ. ಹುಳಿ ಬಂದ ಹಿಟ್ಟು ಮತ್ತು ಮಳೆಯಲ್ಲಿ ನೆಂದ ಕಂಬಳಿ ಎರಡೂ ಸೇರಿದ ಹಾಗೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ. ಆ ಊರಿನವರು ಆ ದಿನ ಮೂಗು ಅರಳಿಸಿದರು. ಮೇಲಿನ ಓಣಿಯ ಆ ಹೆಂಗಸು ಅಂಗಳಕ್ಕೆ ಬಂದು ಮುಖ ಮೇಲೆತ್ತಿದಳು. ಪಕ್ಕದ ಮುದುಕಿಯೊಬ್ಬಳು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದು, "ವಾಡೇದು" ಎಂದಳು. "ವ್ಯಾಪಾರಿಗೋಳ ಹಗೇವು ಇಷ್ಟು ಹಳೇವು ಇಲ್ಲ. ಇದು ವಾಡೇದs."

ಅಷ್ಟೇ. ಯಾರೂ ಯಾರಿಗೂ ಏನೂ ವಿವರಿಸಬೇಕಾಗಲಿಲ್ಲ. ದೊರೆ ಹಗೇವಿನ ಬಾಯಿ ತೆರೆದಿದ್ದಾನೆ ಎಂದರೆ ಸಂಜೆಯೊಳಗೆ ಇನ್ನೂರು ಚೀಲ ಪೇಟೆಗೆ ಬರಲೇಬೇಕು. ದೊರೆಯೇ ಹೆದರದಿದ್ದರೆ ಮುಂದೆ ಹೆದರುವಂಥದ್ದು ಏನೂ ಇಲ್ಲ. ಚೀಲ ಹಿಡಿದು ಪೇಟೆಗೆ ಹೊರಟಿದ್ದ ಜನ ಅರ್ಧ ದಾರಿಯಲ್ಲಿ ನಿಂತರು. ನಾಳೆ ಅಗ್ಗವಾಗುವುದನ್ನು ಇವತ್ತು ಯಾಕೆ ಕೊಳ್ಳಬೇಕು ಎಂದು ಮನೆಗೆ ತಿರುಗಿದರು.

ಆ ವಾಸನೆ ಪೇಟೆಯ ದೊಡ್ಡ ವ್ಯಾಪಾರಿಯ ಮೂಗಿಗೂ ಬಿತ್ತು. ಅವನು ತುಳಸಿಗೆ ನೀರು ಹಾಕುತ್ತಿದ್ದ. ತಂಬಿಗೆ ಕೈಯಲ್ಲೇ ಉಳಿಯಿತು. ಒಂದು ಹಗೇವು ತೆರೆದವನು ಎರಡನೆಯದನ್ನೂ ತೆರೆಯಬಹುದು. ಎದುರಂಗಡಿಯವನು ತನಗಿಂತ ಮೊದಲೇ ತೆರೆದರೂ ತೆರೆಯಬಹುದು. ಅವನು ಒಳಗೆ ಹೋಗಿ ಗುದ್ದಲಿ ತಂದ. "ಈ ಮೂಲ್ಯಾಗ ತುಳಸಿಗೆ ಬಿಸಲು ಸಾಲವಲ್ದು" ಎಂದು ಹೆಂಡತಿಗೆ ಹೇಳಿದ. ಮಧ್ಯಾಹ್ನದೊಳಗೆ ಪೇಟೆಯಲ್ಲಿ ಒಂದು ತುಳಸಿಗೂ ಬಿಸಿಲು ಸಾಲದೆ ಹೋಯಿತು. ಕಟ್ಟೆಗಳೆಲ್ಲ ಕಿತ್ತು ಬಂದವು, ಕಲ್ಲುಗಳು ಹೊರಳಿದವು, ಇಡೀ ಊರು ಹಗೇವಿನ ವಾಸನೆ ಹೊಡೆಯತೊಡಗಿತು. ತೆರೆದವರು ಮುಚ್ಚುವ ಹಾಗಿರಲಿಲ್ಲ. ಮಾರಬೇಕಾಯಿತು, ಅದೂ ಬೇಗ ಮಾರಬೇಕಾಯಿತು.

ಮೊದಲ ದಿನ ದುಡ್ಡಿಗೆ ಎರಡು ಸೇರು. ನಾಲ್ಕನೆಯ ದಿನ ಮೂರು. ಮುಂದಿನ ಸಂತೆಗೆ ವ್ಯಾಪಾರಿಗಳೇ ಗಿರಾಕಿಯ ರಟ್ಟೆ ಹಿಡಿದು ಕರೆದು ಮೂರೂವರೆ ಅಳೆದರು. ದೊರೆಯ ಉಳಿದ ಐದು ಹಗೇವುಗಳ ಕಲ್ಲನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ.

ಮೂರು ಸೇರು ಆದ ದಿನ ಭರಮಪ್ಪ ಕೊಟ್ಟಿಗೆಗೆ ಹೋಗಿ ಕುಳ್ಳಿನ ರಾಶಿ ಸರಿಸಿದ. ಚೀಲದ ತಳದಲ್ಲಿ ಉಳಿದಿದ್ದ ಜೋಳವನ್ನು ಮೊರಕ್ಕೆ ಸುರಿದು ತಾನೇ ಬಾಳವ್ವನ ಮನೆಗೆ ಒಯ್ದ. ಅವತ್ತು ಇತ್ತು, ಇದ್ದೂ ಇಲ್ಲ ಎಂದೆವು ಎಂದ. ಬಾಳವ್ವ ಮೊರ ಇಸಿದುಕೊಂಡು, "ಗೊತ್ತಿತ್ತು ಬಿಡು. ನನ್ನ ಮಗಳು ಬಸುರಿದ್ರ ನಾನೂ ಹಂಗs ಅಂತಿದ್ದೆ" ಎಂದಳು. ಭರಮಪ್ಪನಿಗೆ ಅಳು ಬಂತು. ಅದು ದುಃಖದ ಅಳುವಲ್ಲ.

ತಿಂಗಳು ಕಳೆದು ಫಕೀರವ್ವ ಹೆಣ್ಣು ಹೆತ್ತಳು. ಸುಸೂತ್ರ ಹೆರಿಗೆ. ಬಾಣಂತಿಗೆ ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಸತ್ಯವ್ವ ತಟ್ಟುತ್ತಲೇ ಇದ್ದಳು, ಮಗಳು ಸಾಕು ಸಾಕು ಎನ್ನುತ್ತಲೇ ಇದ್ದಳು. ಹಗೇವಿನ ಜೋಳವಾದ್ದರಿಂದ ರೊಟ್ಟಿ ಸ್ವಲ್ಪ ನಾರುತ್ತಿತ್ತು. ಭರಮಪ್ಪ ಎಷ್ಟೋ ದಿನಗಳ ಮೇಲೆ ಹೊಟ್ಟೆತುಂಬ ಉಂಡು, ಅಲ್ಲೇ ಕಂಬಕ್ಕೆ ಒರಗಿ, ಕೂಸಿನ ಅಳು ಕೇಳುತ್ತ ಕೂತ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಜೋಳ ಅಗ್ಗವಾಯಿತು ಎಂದು ಊರಿಗೆ ಸಾರಬೇಕೆಂದು ಅವನಿಗೆ ಒಮ್ಮೆ ಆಸೆಯಾಯಿತು. ಆದರೆ ಕೇಳಿಸಿಕೊಳ್ಳುವುದಕ್ಕೆ ಯಾರೂ ಖಾಲಿ ಇರಲಿಲ್ಲ, ಎಲ್ಲರೂ ಉಣ್ಣುತ್ತಿದ್ದರು.

ಕತೆ ಮುಗಿಯಿತು.

ನಿಜಗುಣಪ್ಪ ತುಳಸಿ ಕಟ್ಟೆಯ ಮಾತಿಗೆ ನಗಲು ಶುರುಮಾಡಿದವನು ಇನ್ನೂ ಮುಖದಲ್ಲಿ ನಗು ಉಳಿಸಿಕೊಂಡಿದ್ದ. ಬಂದಾಗ ಕಟ್ಟಿಕೊಂಡಿದ್ದ ಎದೆ ಬಿಚ್ಚಿಕೊಂಡಿತ್ತು.

"ತಿಳಿಯಿತು ಗುರುಗಳೇ. ಗೋದಾಮಿನ ದಾಸ್ತಾನು ಪೇಟೆಗೆ ಬಿಡುವ ಕಡತ ಹದಿನೈದು ದಿನದಿಂದ ನನ್ನ ಮೇಜಿನ ಮೇಲೇ ಇದೆ. ಇರಲಿ, ಇನ್ನೂ ಕಷ್ಟಕಾಲ ಬಂದರೆ ಎಂದು ನಾನೇ ತಡೆದಿಟ್ಟಿದ್ದೆ. ನಾಳೆ ಬೆಳಗ್ಗೆಯೇ ಸಹಿ ಹಾಕುತ್ತೇನೆ. ಐದನೆಯ ಪ್ರಕಟಣೆ ಬರೆಯುವುದಿಲ್ಲ."

"ಒಳ್ಳೆಯದು" ಎಂದರು ಗುರುಗಳು. ಅವರಿಗೂ ಸಂತೋಷವಾಗಿತ್ತು. ನಿಜಗುಣಪ್ಪ ಕಾಲಿಗೆರಗಿ ಎದ್ದ. ಬಾಗಿಲವರೆಗೂ ಹೋಗಿದ್ದ. ಗುರುಗಳು ಹಿಂದಿನಿಂದ ಕೇಳಿದರು.

"ಅಂದ ಹಾಗೆ ನಿಜಗುಣ, ನಿನ್ನ ಮನೆಯ ಅಟ್ಟದ ಮೇಲೆ ಈಗ ಬೇಳೆ ಎಷ್ಟು ಮೂಟೆ ಇದೆ?"

ನಿಜಗುಣಪ್ಪ ತಿರುಗಿ ಬಂದು ಮತ್ತೆ ಚಾಪೆಯ ಮೇಲೆ ಕೂತ.